ಹಿಂದಿರುಗುವ ಚೀಟಿ

ಮದುವೆಯಾಗಿ ಮೂವತ್ತು ವರ್ಷವಾಯಿತೆಂಬ ನೆಪದಲ್ಲಿ ಮಕ್ಕಳು ನಮ್ಮಿಬ್ಬರನ್ನೂ ಹಡಗಿನ ಪ್ರವಾಸಕ್ಕೆ ಕಳಿಸಿದರು. ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ಇಳಿದು ಸುತ್ತಾಡಲು ಒಂದು ಹಗಲು ಸಿಕ್ಕಿತು. ಇಳಿಯುವಾಗ ಹಡಗಿನವರು ನಮ್ಮ ಕಾರ್ಡು ನೋಡಿ, “ಕಳೆಯಬೇಡಿ, ಸಂಜೆ ಐದಕ್ಕೆ ಹಿಂದಿರುಗಿ” ಎಂದು ಎಚ್ಚರಿಸಿದರು.

ನಮ್ಮವರಿಗೆ ಕಡಲತೀರದ ಆಸೆ. ನಾನೇ ಹಟ ಹಿಡಿದು ಆಪ್ರವಾಸಿ ಘಾಟ್‌ಗೆ ಕರೆದುಕೊಂಡು ಹೋದೆ. ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರಿನ ಕೂಲಿಗಳನ್ನು ಒಯ್ದರು ಎಂದು ತರಗತಿಯಲ್ಲಿ ಎಷ್ಟೋ ವರ್ಷ ಒಂದೇ ವಾಕ್ಯದಲ್ಲಿ ಮುಗಿಸಿದ್ದೆ.

ಆ ಒಂದು ವಾಕ್ಯದಲ್ಲಿ ಎಷ್ಟು ಜನ! 1834ರಿಂದ 1920ರವರೆಗೆ ಐದು ಲಕ್ಷದ ಹತ್ತಿರ. ಬಿಹಾರದವರು, ತಮಿಳರು, ತೆಲುಗರು, ಮರಾಠಿಗರು. ಗಂಡಸರು, ಹೆಂಗಸರು, ಮಕ್ಕಳು. 1849ರಲ್ಲಿ ಕಟ್ಟಲಾರಂಭಿಸಿದ ಈ ಡಿಪೋದ ಕಲ್ಲಿನ ಮೆಟ್ಟಿಲು ಹತ್ತಿದವರಿಗೆಲ್ಲ ಒಂದೊಂದು ಸಂಖ್ಯೆ. 1867ರ ಕಾನೂನು ಬಂದ ಮೇಲಂತೂ, ಕರಾರು ಮುಗಿಸಿದವರೂ ಭಾವಚಿತ್ರವಿರುವ ಚೀಟಿಯನ್ನು ಜೊತೆಗಿಟ್ಟುಕೊಂಡೇ ಓಡಾಡಬೇಕು. ಇಲ್ಲದಿದ್ದರೆ ಅಲೆಮಾರಿಯೆಂದು ಹಿಡಿಯುತ್ತಿದ್ದರು.

ನಮ್ಮವರು ಮೆಲ್ಲನೆ ಜೇಬಿನಿಂದ ಹಡಗಿನ ಕಾರ್ಡು ತೆಗೆದರು. “ಇದಕ್ಕೂ ಒಂದು ನಂಬರಿದೆ ನೋಡು” ಎಂದರು. ಇದೆ, ಆದರೆ ನಮ್ಮದು ಹಿಂದಿರುಗುವುದಕ್ಕೆ, ಅವರದು ಕಟ್ಟಿಹಾಕುವುದಕ್ಕೆ. ಬಹಳ ಮಂದಿ ಊರು ನೋಡಲೇ ಇಲ್ಲ. ಅವರ ಸಂತತಿಯೇ ಇಂದು ಆ ನಾಡಿನಲ್ಲಿ ಬಹುಸಂಖ್ಯಾತರು. 2006ರಲ್ಲಿ ಈ ಘಾಟ್ ವಿಶ್ವ ಪರಂಪರೆಯ ತಾಣವಾಯಿತು.

ಕಡಲತೀರಕ್ಕೆ ಹೋಗಲು ಹೊತ್ತು ಉಳಿಯಲಿಲ್ಲ. ನಮ್ಮವರು ಬೇಸರಿಸಿಕೊಳ್ಳಲಿಲ್ಲ.

ರಜೆ ಮುಗಿಸಿ ಬಂದ ಮೇಲೆ ಅದೇ ಪಾಠ ಮಾಡಿದೆ. ಆ ಒಂದು ವಾಕ್ಯಕ್ಕೆ ಎರಡು ಪೀರಿಯಡ್ ಬೇಕಾಯಿತು.