ರೆಕಾರ್ಡ್ ಸಾವಿರ, ಕಿವಿ ಎರಡೇ

1977ರ ಜನವರಿಯಲ್ಲಿ ಮ್ಯಾಂಚೆಸ್ಟರ್‌ನ ಬಝ್‌ಕಾಕ್ಸ್ ತಂಡದ ಹುಡುಗರು ನೆಂಟರಿಷ್ಟರಿಂದ 500 ಪೌಂಡ್ ಸಾಲ ಎತ್ತಿ, ನಾಲ್ಕು ಹಾಡುಗಳ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ರೆಕಾರ್ಡನ್ನು ತಾವೇ ಹೊರತಂದರು. ಮೊದಲು ಅಚ್ಚಾಗಿದ್ದು ಸಾವಿರ ಪ್ರತಿ. ಯಾವ ಹಾಡು ಎಷ್ಟನೇ ಸಲ ನುಡಿಸಿದಾಗ ಒಪ್ಪವಾಯಿತು ಎಂಬುದೂ ಹೊದಿಕೆಯ ಮೇಲೇ ಇತ್ತು. ಮರುವರ್ಷ ಲಂಡನ್‌ನ ಸ್ಕ್ರಿಟಿ ಪೊಲಿಟಿ ತಂಡ ಇನ್ನೂ ಮುಂದಕ್ಕೆ ಹೋಯಿತು. ರೆಕಾರ್ಡಿಂಗ್‌ಗೆ ಎಷ್ಟು, ಅಚ್ಚಿಗೆ ಎಷ್ಟು, ಲೇಬಲ್ ಮುದ್ರಣಕ್ಕೆ ಎಷ್ಟು ಎಂದು, ಮದುವೆ ಮನೆಯ ಲೆಕ್ಕದ ಚೀಟಿಯ ಹಾಗೆ, ಖರ್ಚಿನ ಪಟ್ಟಿಯನ್ನೇ ಹೊದಿಕೆಗೆ ಏರಿಸಿತು. ನೋಡಿದವರಿಗೆ 'ಇಷ್ಟೇನಾ, ನಾವೂ ಮಾಡಬಹುದಲ್ಲ' ಅನ್ನಿಸಿತು. ಮಾಡಿದರು ಕೂಡ. 'ಇಂಡಿಪೆಂಡೆಂಟ್' ಎಂಬುದರ ಮೊಟಕಾದ ಇಂಡೀ ಎಂಬ ಮಾತು ಆಗ ಅಂಟಿಕೊಂಡಿದ್ದು ವ್ಯಾಪಾರಕ್ಕೆ, ಸಂಗೀತದ ಶೈಲಿಗಲ್ಲ. 1980ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಇಂಡೀ ರೆಕಾರ್ಡುಗಳ ಮಾರಾಟ ಪಟ್ಟಿಗೆ ಸೇರಲು ದೊಡ್ಡ ಕಂಪನಿಗಳ ವಿತರಣೆಯ ಹಂಗಿಲ್ಲದಿದ್ದರೆ ಸಾಕಿತ್ತು, ಗಿಟಾರೇ ಇರಬೇಕೆಂದಿರಲಿಲ್ಲ.

ಎಲ್ಲರೂ ರೆಕಾರ್ಡ್ ಮಾಡತೊಡಗಿದ ಮೇಲೆ ಬೇರೆಯದೇ ತಾಪತ್ರಯ: ಇಷ್ಟನ್ನೂ ಕೂತು ಕೇಳುವವರು ಯಾರು?

ಜಾನ್ ಪೀಲ್ ಕೇಳಿದರು. ಬಿಬಿಸಿ ರೇಡಿಯೊ 1ರಲ್ಲಿ 1967ರಿಂದ, 2004ರಲ್ಲಿ ತೀರಿಕೊಳ್ಳುವ ತನಕ, ಹೆಸರಿಲ್ಲದ ತಂಡಗಳಿಗೆ ಅವರ ರಾತ್ರಿ ಕಾರ್ಯಕ್ರಮವೇ ಹೆಬ್ಬಾಗಿಲು. ಕೆಲವೊಮ್ಮೆ ತಟ್ಟೆಯನ್ನು ತಪ್ಪು ವೇಗದಲ್ಲಿ ಓಡಿಸಿಬಿಡುತ್ತಿದ್ದರು. ಕೇಳುಗರು ಅದನ್ನೂ ಪ್ರೀತಿಯಿಂದಲೇ ಸಹಿಸಿಕೊಂಡರು. 1978ರಲ್ಲಿ ಉತ್ತರ ಐರ್ಲೆಂಡಿನ ಡೆರಿಯ ಅಂಡರ್‌ಟೋನ್ಸ್ ತಂಡದ 'ಟೀನೇಜ್ ಕಿಕ್ಸ್' ಬಂದಾಗ ಅದನ್ನು ಹಾಕಿದರು, ಮುಗಿಯುತ್ತಲೇ ಮತ್ತೊಮ್ಮೆ ಹಾಕಿದರು. ಇದಕ್ಕಿಂತ ಚಿಕ್ಕ, ಇದಕ್ಕಿಂತ ಖಚಿತ ವಿಮರ್ಶೆಯನ್ನು ನಾನು ಕಂಡಿಲ್ಲ.

ಕಾಗದದ ಮೇಲೂ ಇಂಥವರಿದ್ದರು. ಬ್ಯಾಂಕ್ ಗುಮಾಸ್ತನಾಗಿದ್ದ ಮಾರ್ಕ್ ಪೆರಿ 1976ರಲ್ಲಿ 'ಸ್ನಿಫಿನ್ ಗ್ಲೂ' ಎಂಬ ಜೆರಾಕ್ಸ್ ಪತ್ರಿಕೆ ತೆಗೆದ. ಅಮೆರಿಕದಲ್ಲಿ ಬ್ರೂಸ್ ಪಾವಿಟ್ 1980ರಲ್ಲಿ ಶುರುಮಾಡಿದ ಪುಟ್ಟ ಪತ್ರಿಕೆ ಕೆಲವು ಸಂಚಿಕೆಗಳಲ್ಲಿ ಕ್ಯಾಸೆಟ್ಟಾಯಿತು, ಕೊನೆಗೆ ನಿರ್ವಾಣ ತಂಡದ ಮೊದಲ ರೆಕಾರ್ಡ್ ತಂದ ಸಬ್ ಪಾಪ್ ಕಂಪನಿಯೇ ಆಯಿತು. 1986ರಲ್ಲಿ ಎನ್‌ಎಂಇ ಎಂಬ ಬ್ರಿಟನ್ನಿನ ಸಂಗೀತ ವಾರಪತ್ರಿಕೆ 22 ತಂಡಗಳ ಹಾಡುಗಳನ್ನು ಒಂದೇ ಕ್ಯಾಸೆಟ್‌ಗೆ ತುಂಬಿ 'ಸಿ86' ಎಂದು ಕರೆದಿದ್ದೇ ತಡ, ಅದು ಒಂದು ಪಂಥದ ಹೆಸರಾಗಿಬಿಟ್ಟಿತು.

ಆಗಿನ ವಿಮರ್ಶಕನಿಗೆ ಒಂದು ಕಷ್ಟವಿತ್ತು: ಓದುಗರು ಕೇಳಿರದ ಸದ್ದನ್ನು ಮಾತಿನಲ್ಲಿ ಕೇಳಿಸಬೇಕು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಹೆಕ್ಕುತ್ತಿದ್ದ ನಮಗಂತೂ ಹಾಡಿಗಿಂತ ಎಷ್ಟೋ ಮೊದಲೇ ಹಾಡಿನ ವರ್ಣನೆ ಸಿಗುತ್ತಿತ್ತು. ಎರಡು ಮೂರು ವರ್ಷದ ಮೇಲೆ ಎಲ್ಲಿಂದಲೋ ಕ್ಯಾಸೆಟ್ ಸಿಕ್ಕರೆ, ಹಾಡು ವರ್ಣನೆಯಷ್ಟು ಚೆನ್ನಾಗಿಲ್ಲವಲ್ಲ ಎಂದು ಪೆಚ್ಚಾಗುತ್ತಿದ್ದೆವು. 1993ರಲ್ಲಿ ಅಮಿತ್ ಸೈಗಲ್ ಅಲಹಾಬಾದಿನಿಂದ 'ರಾಕ್ ಸ್ಟ್ರೀಟ್ ಜರ್ನಲ್' ಶುರುಮಾಡಿದ ಮೇಲೆ ನಮ್ಮ ದೇಶದ ತಂಡಗಳ ಬಗ್ಗೆಯೂ ಯಾರೋ ಬರೆಯುತ್ತಿದ್ದಾರೆ ಎಂಬ ಹುರುಪು ಬಂತು. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಹುಟ್ಟಿದ್ದು 1996ರಲ್ಲಿ.

ಅದೇ ವರ್ಷದ ಹೊತ್ತಿಗೆ ಮಿನಿಯಾಪೊಲಿಸ್‌ನಲ್ಲಿ, ಹೈಸ್ಕೂಲು ಮುಗಿಸಿದ್ದ ರಯಾನ್ ಶ್ರೈಬರ್ ಇಂಟರ್ನೆಟ್ಟಿನಲ್ಲಿ 'ಪಿಚ್‌ಫೋರ್ಕ್' ಎಂಬ ಸಂಗೀತ ವಿಮರ್ಶೆಯ ತಾಣ ಆರಂಭಿಸಿದ. ಪ್ರತಿ ಆಲ್ಬಮ್ಮಿಗೂ ಹತ್ತಕ್ಕೆ ಅಂಕ, ಅದೂ ದಶಾಂಶದಲ್ಲಿ. 8.3ಕ್ಕೂ 8.4ಕ್ಕೂ ಏನು ವ್ಯತ್ಯಾಸ ಎಂದು ಎಸ್ಸೆಸ್ಸೆಲ್ಸಿ ಮೌಲ್ಯಮಾಪಕರನ್ನೂ ಕೇಳಬಾರದು, ಇವರನ್ನೂ ಕೇಳಬಾರದು. 2004ರಲ್ಲಿ ಆರ್ಕೇಡ್ ಫೈರ್ ತಂಡದ 'ಫ್ಯೂನೆರಲ್'ಗೆ 9.7 ಬಿತ್ತು, ಅದನ್ನು ಹೊರತಂದ ಮರ್ಜ್ ಎಂಬ ಪುಟ್ಟ ಕಂಪನಿ ಬೇಡಿಕೆ ಪೂರೈಸಲಾಗದೆ ಒದ್ದಾಡಿತು. ಅದೇ ವರ್ಷ ಟ್ರಾವಿಸ್ ಮಾರಿಸನ್ನನ 'ಟ್ರಾವಿಸ್ಟಾನ್'ಗೆ 0.0. ಆ ಸೊನ್ನೆ ಅವನ ಬೆನ್ನು ಬಿಡಲೇ ಇಲ್ಲ. ನನ್ನ ಮಟ್ಟಿಗೆ ವಿಮರ್ಶೆ ದಾರಿ ತಪ್ಪಿದ್ದು ಇಲ್ಲಿ: ಓದುಗರು ಅಂಕ ನೋಡಿ ಬರಹ ಬಿಡತೊಡಗಿದರು. 2015ರಲ್ಲಿ ಕಾಂಡೇ ನಾಸ್ಟ್ ಪ್ರಕಾಶನ ಸಂಸ್ಥೆ ಪಿಚ್‌ಫೋರ್ಕನ್ನು ಕೊಂಡಿತು. 2024ರ ಜನವರಿಯಲ್ಲಿ ಅದನ್ನು ಜಿಕ್ಯೂ ಪತ್ರಿಕೆಯ ತೆಕ್ಕೆಗೆ ಸೇರಿಸಿ ಹಲವರನ್ನು ಮನೆಗೆ ಕಳಿಸಿತು.

ಅಷ್ಟರಲ್ಲಿ ವರ್ಣನೆಯ ಅಗತ್ಯವೇ ಹೋಗಿತ್ತು. ಎಲ್ಲರಿಗೂ ಎಲ್ಲ ಹಾಡೂ ಬೆರಳ ತುದಿಯಲ್ಲಿ. 2015ರಿಂದ ಸ್ಪಾಟಿಫೈ ಸೋಮವಾರ ಸೋಮವಾರ ಮೂವತ್ತು ಹಾಡು ಆರಿಸಿ ಕೊಡುತ್ತದೆ. ಆ ಆಯ್ಕೆಯಲ್ಲಿ ತಪ್ಪಿರುವುದು ಕಡಿಮೆ. ನನ್ನ ತಕರಾರೂ ಅದೇ. ಪೀಲ್ ಹಾಕಿದ ಹಾಡುಗಳಲ್ಲಿ ಅರ್ಧಕ್ಕರ್ಧ ಕಿವಿಗೆ ಕಿರಿಕಿರಿ. ಆದರೂ 'ಈ ಮನುಷ್ಯ ಇದರಲ್ಲಿ ಏನು ಕಂಡ' ಎಂಬ ಪ್ರಶ್ನೆ ಉಳಿಯುತ್ತಿತ್ತು. ಯಂತ್ರ ಏನನ್ನೂ ಕಂಡಿರುವುದಿಲ್ಲ.

ಈಗ ನಾನು ಹೊಸ ತಂಡ ಹುಡುಕುವುದು 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ. ಅಲ್ಲಿ ತಂಡಗಳು ನೇರವಾಗಿ ಕೇಳುಗರಿಗೇ ಮಾರುತ್ತವೆ. ಆಲ್ಬಮ್ಮಿನ ಪಕ್ಕದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ. ಕೆಲವರು ತಮಗೆ ಮೆಚ್ಚುಗೆಯಾದ ಹಾಡಿನ ಹೆಸರು ಹಾಕಿ ಎರಡು ಸಾಲು ಗೀಚಿರುತ್ತಾರೆ. ಅಂಕವಿಲ್ಲ. ಒಂದು ಚಿತ್ರ ಒತ್ತಿದರೆ ಆತ ಮತ್ತೇನೇನು ಕೊಂಡಿದ್ದಾನೆಂಬುದು ತೆರೆದುಕೊಳ್ಳುತ್ತದೆ. ಯಾರದೋ ಮನೆಯಲ್ಲಿ ಕಾಫಿ ಬರುವ ತನಕ ಅವರ ಪುಸ್ತಕದ ಕಪಾಟಿಗೆ ಕಣ್ಣಾಡಿಸುವಂತೆ ನಾನು ಅದರಲ್ಲಿ ಕಣ್ಣಾಡಿಸುತ್ತೇನೆ. ಒಂದೆರಡು ಹೆಸರು ಗೊತ್ತಿದ್ದರೆ, ಗೊತ್ತಿಲ್ಲದ ಮೂರನೆಯದನ್ನು ಹಾಕಿ ಕೇಳುತ್ತೇನೆ.