ಗಂಗಾಮೂಲದಿಂದ ಕೇಡಗಾಂವ್‌ಗೆ: ಪಂಡಿತಾ ರಮಾಬಾಯಿ ನಂಬಿಕೆ ಕಲಿತ ದಾರಿ



ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ನನ್ನ ಜೊತೆ ಬಿ.ಕಾಂ ಓದಿದ ಒಬ್ಬ ಕ್ರಿಶ್ಚಿಯನ್ ಗೆಳತಿ ಇದ್ದಾಳೆ. ಹೋದ ವರ್ಷ ಅವಳ ಅಪ್ಪ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಮನೆಯವರೆಲ್ಲ ಪ್ರಾರ್ಥನೆ ಮಾಡಿದ್ದರು. "ಎಲ್ಲರೂ ನಂಬಿಕೆ ಇಡು ಅಂತಾರೆ ಕಣೋ. ಇಷ್ಟೆಲ್ಲ ಆದ್ಮೇಲೆ ನಂಬಿಕೆ ಅಂದ್ರೆ ಏನು ಅಂತ ಮಾತ್ರ ಯಾರೂ ಹೇಳಲ್ಲ" ಅಂದಳು. ನಾನು ಚರ್ಚಿಗೆ ಹೋಗೋ ಮನೆಯವನಲ್ಲ, ನನ್ನ ಹತ್ತಿರ ಉತ್ತರ ಇರಲಿಲ್ಲ. ಆದ್ರೆ ಇತಿಹಾಸದ ಒಂದು ಹೆಸರು ನೆನಪಾಯ್ತು: ಪಂಡಿತಾ ರಮಾಬಾಯಿ.

ಶಾಲೆಯ ಪುಸ್ತಕದಲ್ಲಿ ಅವರು 'ಸಮಾಜ ಸುಧಾರಕಿ' ಅನ್ನೋ ಒಂದೇ ಸಾಲಿನಲ್ಲಿ ಮುಗಿದುಹೋಗ್ತಾರೆ. ಅವರು ನಮ್ಮ ನೆಲದಲ್ಲೇ ಹುಟ್ಟಿದವರು ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ದೊಡ್ಡ ಸಂಸ್ಕೃತ ಪಂಡಿತರು. ಅವರು ಮಾಡಿದ 'ತಪ್ಪು' ಒಂದೇ, ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದು. ಹೆಂಗಸಿಗೆ ಯಾಕೆ ಸಂಸ್ಕೃತ ಅಂತ ಸಂಪ್ರದಾಯಸ್ಥರು ತಿರುಗಿಬಿದ್ದರು. ಶಾಸ್ತ್ರಿಗಳು ಪಟ್ಟು ಬಿಡಲಿಲ್ಲ. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿದರು. ಇವತ್ತು ಕುದುರೆಮುಖಕ್ಕೆ ಟ್ರೆಕ್ಕಿಂಗ್ ಹೋಗ್ತೀವಲ್ಲ, ಅದೇ ಸೀಮೆ. ಅಲ್ಲಿ 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದರು. ಅವರಿಗೆ ಆರು ತಿಂಗಳಾಗಿದ್ದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ.

ಆಮೇಲೆ ಊರೂರು ಸುತ್ತಿ ಪುರಾಣ ಹೇಳೋದೇ ಜೀವನವಾಯ್ತು. ತಾಯಿ ದಾರಿಯಲ್ಲೇ ಮಗಳಿಗೆ ಪಾಠ ಹೇಳಿಕೊಟ್ಟರು. ಆದ್ರೆ 1870ರ ದಶಕದಲ್ಲಿ ಬರ ಬಂತು. ಉಪವಾಸ, ವ್ರತ, ದಾನ, ಪುಣ್ಯಸ್ನಾನ, ಶಾಸ್ತ್ರದಲ್ಲಿ ಹೇಳಿದ್ದನ್ನೆಲ್ಲ ಆ ಕುಟುಂಬ ಮಾಡಿತು. ಕೈಯಲ್ಲಿದ್ದ ದುಡ್ಡೂ ಮುಗೀತು. ಕಾಡಿನ ಎಲೆ ತಿಂದು ದಿನ ದೂಡಿದರು. ಮೊದಲು ತಂದೆ ಹೋದರು, ಆಮೇಲೆ ತಾಯಿ, ಆಮೇಲೆ ಅಕ್ಕ. ಇದೆಲ್ಲ ಆಗಿದ್ದು ಕೆಲವೇ ತಿಂಗಳಲ್ಲಿ. ಉಳಿದವರು ಹದಿನಾರರ ಆಸುಪಾಸಿನ ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ನಾನು ಕಾಮರ್ಸ್ ಓದಿದವನು. ಒಂದು ಕಡೆ ಡೆಬಿಟ್ ಬರೆದರೆ ಇನ್ನೊಂದು ಕಡೆ ಕ್ರೆಡಿಟ್ ಬರಲೇಬೇಕು ಅನ್ನೋದು ನಮ್ಮ ಮೊದಲ ಪಾಠ. ನಾವು ದೇವರ ಜೊತೆಗೂ ಇದೇ ಲೆಕ್ಕ ಇಡ್ತೀವಿ. ಇಷ್ಟು ಹರಕೆ ಕಟ್ಟಿದ್ದೀನಿ, ಇಷ್ಟು ಪ್ರಾರ್ಥನೆ ಮಾಡಿದ್ದೀನಿ, ಇನ್ನು ನಿನ್ನ ಸರದಿ ಅಂತ. ಯಾವ ಧರ್ಮದ ಮನೆಯಲ್ಲೂ ಇದು ಹೊಸದಲ್ಲ. ರಮಾಬಾಯಿ ಪಾಲಿಗೆ ಆ ಲೆಕ್ಕ ಬರಗಾಲದಲ್ಲೇ ತಪ್ಪಿಹೋಯ್ತು.

ಅಣ್ಣ ತಂಗಿ ಸಾವಿರಾರು ಮೈಲಿ, ಹೆಚ್ಚಿನಂಶ ಕಾಲ್ನಡಿಗೆಯಲ್ಲೇ ಸುತ್ತಿ, 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರ ಜೊತೆ ಜಾತಿ ಮೀರಿ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರಲ್ಲಿ ಕಾಲರಾ ಬಂದು ಗಂಡ ಹೋದರು. ವಯಸ್ಸು ಇನ್ನೂ 24 ತುಂಬಿರಲಿಲ್ಲ. ಕೈಯಲ್ಲಿ ಹಸುಗೂಸು, ಹಣೆಗೆ 'ವಿಧವೆ' ಅನ್ನೋ ಪಟ್ಟಿ.

ಗಂಡನ ಪುಸ್ತಕಗಳ ನಡುವೆ ಅವರಿಗೆ ಒಂದು ಚಿಕ್ಕ ಪುಸ್ತಕ ಸಿಕ್ಕಿತ್ತು, ಬಂಗಾಳಿಯ ಲೂಕನ ಸುವಾರ್ತೆ. ಬೈಬಲ್ ಪರಿಚಯ ಶುರುವಾಗಿದ್ದು ಅಲ್ಲಿಂದ. ಗಂಡ ಹೋದಮೇಲೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ವೈದ್ಯಕೀಯ ಓದುವ ಆಸೆ ಹೊತ್ತು ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳ್ತಿರಲಿಲ್ಲ ಅಂತ ಆ ಕನಸೂ ಮುರಿಯಿತು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲೇ ದುರಂತ ಸಾವು ಕಂಡರು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್ ಊರಿನಲ್ಲಿ ರಮಾಬಾಯಿ ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಸಿನಿಮಾ ಆಗಿದ್ರೆ ಇಲ್ಲಿಗೆ ಮುಗೀತಿತ್ತು. ಕಷ್ಟ ಬಂತು, ಯೇಸು ಸಿಕ್ಕ, ಶುಭಂ. ಆದ್ರೆ ಅಸಲಿ ಕತೆ ಶುರುವಾಗೋದೇ ಇಲ್ಲಿಂದ.

ಅವರನ್ನು ನೋಡಿಕೊಳ್ತಿದ್ದ ಸಿಸ್ಟರ್ ಜೆರಾಲ್ಡಿನ್ ಹೇಳಿದ್ದನ್ನು ಒಪ್ಪಿಕೊಂಡು ಸುಮ್ಮನಿರಲಿ ಅಂತ ಬಯಸಿದರು. ರಮಾಬಾಯಿ ಸುಮ್ಮನಿರಲಿಲ್ಲ. ತ್ರಿತ್ವ ಅಂದ್ರೆ ಏನು, ಯಾಕೆ ಒಪ್ಪಬೇಕು ಅಂತ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ಒಂದು ಪುರೋಹಿತಶಾಹಿಯ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕುತ್ತಿಗೆ ಕೊಡೋದಿಲ್ಲ ಅನ್ನೋ ಧಾಟಿ ಅವರದ್ದು. ಮಾಂಸ ತಿನ್ನಲಿಲ್ಲ. ಗಂಡುಮಕ್ಕಳಿಗೆ ಪಾಠ ಹೇಳಬಾರದು ಅಂತ ಬಿಷಪ್‌ಗಳು ಆಕ್ಷೇಪ ಎತ್ತಿದಾಗ ಅದನ್ನೂ ಪ್ರಶ್ನಿಸಿದರು.

ಅಮೆರಿಕಕ್ಕೆ ಹೋಗಿ, ಹಣ ಕೂಡಿಸಿ, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಧರ್ಮಬೋಧನೆ ಮಾಡಲ್ಲ ಅಂತ ಮಾತು ಕೊಟ್ಟಿದ್ದರು. ಆದ್ರೆ ಅವರು ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದೇ ಇರ್ತಿತ್ತು, ಕೆಲವು ಹುಡುಗಿಯರು ಬಂದು ಕೂರ್ತಿದ್ದರು. ಪುಣೆ ಹೊತ್ತಿಕೊಂಡಿತು. ಟಿಳಕರ 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಬೆಂಬಲಿಗರೇ ಸಲಹಾ ಮಂಡಳಿ ಬಿಟ್ಟರು. ಎಷ್ಟೋ ಪಾಲಕರು ಹೆಣ್ಣುಮಕ್ಕಳನ್ನು ಮನೆಗೆ ಕರೆದುಕೊಂಡು ಹೋದರು. ಇಂಗ್ಲೆಂಡಿನವರಿಗೆ ಇವರು ಸಾಲದಷ್ಟು ಕ್ರೈಸ್ತೆ, ಪುಣೆಯವರಿಗೆ ಅತಿಯಾಯ್ತು ಅನ್ನುವಷ್ಟು ಕ್ರೈಸ್ತೆ. ಪುಣೆಯವರ ಭಯವನ್ನು ನಾನು ಸುಳ್ಳು ಅನ್ನಲ್ಲ. ನಂಬಿ ಮಗಳನ್ನು ಕಳಿಸಿದ ಅಪ್ಪನಿಗೆ ಆ ತೆರೆದ ಬಾಗಿಲು ಬೇರೆಯಾಗೇ ಕಂಡಿರುತ್ತೆ.

1907ರಲ್ಲಿ ಬರೆದ ತಮ್ಮ ಸಾಕ್ಷ್ಯದಲ್ಲಿ ರಮಾಬಾಯಿ ಒಂದು ಮಾತು ಒಪ್ಪಿಕೊಳ್ತಾರೆ. ದೀಕ್ಷಾಸ್ನಾನದ ಹೊತ್ತಿಗೆ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ, ಅದಕ್ಕೆ ಮುಂದೆ ಎಂಟು ವರ್ಷ ಹಿಡಿಯಿತು ಅಂತ. ಬುದ್ಧಿಗೆ ಒಪ್ಪಿದ್ದು ಭರವಸೆಯಾಗೋಕೆ ಎಂಟು ವರ್ಷ! ಎಲ್ಲವನ್ನೂ ಓದಿ, ವಾದ ಮಾಡಿ ಗೆದ್ದ ಪಂಡಿತೆ ಬರೆದ ಮಾತಿದು.

ಆ ಭರವಸೆ ಏನು ಮಾಡಿಸಿತು? 1896ರಲ್ಲಿ ಮಧ್ಯಭಾರತದಲ್ಲಿ ಬರ ಬಿತ್ತು. ಹದಿಹರೆಯದಲ್ಲಿ ಹಸಿವು ಕಂಡವರು ಈಗ ಅಲ್ಲಿಗೇ ಹೋದರು. ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆದುಕೊಂಡು ಬಂದರು. ಪುಣೆಯಲ್ಲಿ ಪ್ಲೇಗ್ ನಿರ್ಬಂಧ, ಇಟ್ಟುಕೊಳ್ಳೋಕೆ ಜಾಗ ಇಲ್ಲ. ಹತ್ತಿರದ ಕೇಡಗಾಂವ್‌ನ ಜಮೀನಿನಲ್ಲಿ ಗುಡಿಸಲು ಎದ್ದವು. ಅದೇ ಮುಕ್ತಿ ಸದನ. ಬಾಸ್ಟನ್‌ನ ಸಂಘ ಹಣ ಕೊಡ್ತೀನಿ ಅಂದಿದ್ದು ಹತ್ತು ವರ್ಷಕ್ಕೆ, 1898ಕ್ಕೆ ಅದು ಮುಗಿಯುವುದಿತ್ತು. ನಾನು ಅವರ ಅಕೌಂಟೆಂಟ್ ಆಗಿದ್ರೆ ಬೇಡವೇ ಬೇಡ ಅಂತಿದ್ದೆ. ಅವರು ಇನ್ನಷ್ಟು ಮಕ್ಕಳನ್ನು ಸೇರಿಸಿಕೊಂಡರು. ಕೆಲವೇ ವರ್ಷದಲ್ಲಿ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತು. ನೇಯ್ಗೆ, ಎಣ್ಣೆ ಗಾಣ, ಅಚ್ಚುಕೂಟ, ಹೊಲದ ಕೆಲಸ, ಅಂಧರಿಗೆ ಬ್ರೈಲ್, ಎಲ್ಲ ಶುರುವಾಯ್ತು. ಕೈಕೆಲಸ ಗೊತ್ತಿಲ್ಲದ ಪಂಡಿತರ ಮನೆ ಹಸಿವಿನಲ್ಲಿ ಕರಗಿಹೋಗಿದ್ದನ್ನು ಕಣ್ಣಾರೆ ಕಂಡವರು ಅವರು. ಅದಕ್ಕೇ ಇಲ್ಲಿ ಪ್ರತಿ ಹುಡುಗಿಗೂ ಒಂದು ಕಸುಬು.

ಮಗಳು ಮನೋರಮಾ ಅಮ್ಮನ ಬಲಗೈ. ಅಮ್ಮನ ನಂತರ ಎಲ್ಲ ನಡೆಸಬೇಕಾಗಿದ್ದವರು. 1921ರ ಜುಲೈನಲ್ಲಿ ಅವರೇ ತೀರಿಕೊಂಡರು, ಬರೀ 40 ವರ್ಷ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಮಾಬಾಯಿ ಇದಕ್ಕೆ ದೊಡ್ಡ ವಿವರಣೆ ಹುಡುಕುತ್ತಾ ಕೂರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು, ಓದುಬರಹ ಅಷ್ಟಾಗಿ ಬಾರದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಅನುವಾದ ಮಾಡ್ತಿದ್ದರು. ಆ ಕೆಲಸಕ್ಕೇ ವಾಪಸ್ ಕೂತರು. 1922ರ ಏಪ್ರಿಲ್ 5ರಂದು ತೀರಿಕೊಂಡರು. ಅವರು ಕಟ್ಟಿದ ಮನೆ ಕೇಡಗಾಂವ್‌ನಲ್ಲಿ ಇವತ್ತಿಗೂ ಇದೆ.

ಗೆಳತಿಗೆ ನಾನು ಕಳಿಸಿದ ಉತ್ತರ ಚಿಕ್ಕದು. "ನಂಬಿಕೆ ಇದ್ರೆ ಕಷ್ಟ ಬರಲ್ಲ ಅಂತ ಈ ಹೆಂಗಸಿನ ಜೀವನ ಹೇಳಲ್ಲ. ಪ್ರಶ್ನೆ ಕೇಳೋದು ನಂಬಿಕೆ ಇಲ್ಲದವರ ಲಕ್ಷಣ ಅಂತಲೂ ಹೇಳಲ್ಲ. ಎಂಟು ವರ್ಷ ಬೇಕಾದ್ರೂ ತಗೋ" ಅಂತ.

ಅವಳು ಕೇಳಿಸಿಕೊಂಡಿದ್ದಾಳೆ, ನೀಲಿ ಟಿಕ್ ಬಿದ್ದಿದೆ. ರಿಪ್ಲೈ ಇನ್ನೂ ಬಂದಿಲ್ಲ. ಪರವಾಗಿಲ್ಲ, ಕಾಯೋಣ.