ಹೊಲದ ನಂಟು, ಸಂತೆಯ ಗುಂಪಿ: ಗಡಿಪೇಟೆಗಳಲ್ಲಿ ತಾಜಾ ಆಹಾರದ ಹಂಚಿಕೆ

ನಗರದ ಬಡವರಿಗೆ ತಾಜಾ ತರಕಾರಿ ಎಷ್ಟು ದಕ್ಕುತ್ತದೆಂಬುದನ್ನು ಪಾಶ್ಚಾತ್ಯ ಅಧ್ಯಯನಗಳು ಬಹುಕಾಲ ಅಂಗಡಿಯ ದೂರದಿಂದಲೇ ಅಳೆದವು. ಕರ್ನಾಟಕದ ಅಂಚಿಗಿರುವ ಮಹಾರಾಷ್ಟ್ರದ ಪೇಟೆಗಳಾದ ಉಮರ್ಗಾ, ನಿಲಂಗಾ, ಉದಗೀರಗಳಿಗೆ ಆ ಅಳತೆ ಒಗ್ಗದು. ಪೇಟೆ ಮುಗಿದಲ್ಲಿಯೇ ಇಲ್ಲಿ ಹೊಲ ಶುರು. ಆದರೂ ಯಾರ ತಾಟಿಗೆ ಪಲ್ಯ ಬೀಳುತ್ತದೆಂಬುದು ಆ ಹೊಲದೊಡನೆ ಯಾರಿಗೆ ಎಂಥ ನಂಟಿದೆ ಎಂಬುದರ ಮೇಲೆ ನಿಂತಿದೆ ಎಂಬುದು ಈ ಲೇಖನದ ವಾದ.

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯದ ಗಡಿ ನಡುವೆ ಬಿದ್ದರೂ ಊಟದ ರೂಢಿ ಬದಲಾಗಲಿಲ್ಲ. ಎಳ್ಳ ಅಮಾವಾಸ್ಯೆಯಂದು ಎರಡೂ ಕಡೆ ಪೇಟೆ ಬರಿದಾಗಿ ಜನ ಹೊಲ ಸೇರುತ್ತಾರೆ. ಹಸಿ ಕಡಲೆ, ತೊಗರಿ, ಅವರೆ, ಮೆಂತೆ ಎಲ್ಲ ಕೂಡಿಸಿ, ಕಡಲೆಹಿಟ್ಟು ಕಲಸಿ ಕುದಿಸಿದ ಭಜ್ಜಿ, ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ಕರೆಯುವವರಿದ್ದರೆ ಹೊಲವಿಲ್ಲದವರಿಗೂ ಪಾಲುಂಟು. ಕರೆಯುವವರಿಲ್ಲದ ವಲಸಿಗ ಕೂಲಿಯವನಿಗೆ ಅದು ಬರಿಯ ರಜೆ.

ಉಳಿದ ದಿನಗಳ ನಂಟು ಇನ್ನೂ ಸಡಿಲಾಗಿದೆ. ಮುಂಗಾರಿಯ ಹೆಸರು, ಉದ್ದು, ಜೋಳದ ಜಾಗವನ್ನು ಬಹುಮಟ್ಟಿಗೆ ಸೋಯಾ ಹಿಡಿಯಿತು. ಅಕ್ಕಡಿ ಸಾಲಿನ ಪುಂಡಿ ಹಿಂದೆ ಸರಿಯಿತು. ಸೋಯಾಕ್ಕೆ ಹೊಡೆಯುವ ಇಮಾಝೆಥಾಪೈರ್‌ನಂಥ ಕಳೆನಾಶಕಕ್ಕೆ ಗೋಳಿ ಪಲ್ಯವೂ ಕಾಡು ರಾಜಗಿರಿಯೂ ಕಳೆಯೇ. ಕಳೆ ತೆಗೆಯಲು ಹೋದ ಹೆಣ್ಣುಮಗಳು ಸಂಜೆ ಉಡಿತುಂಬ ತರುತ್ತಿದ್ದ ಸೊಪ್ಪು ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ಹಾಗಾಗಿ ಅದು ಇಲ್ಲವಾದದ್ದೂ ಲೆಕ್ಕಕ್ಕೆ ಸಿಕ್ಕಿಲ್ಲ.

ಸರಕಾರಿ ನೆರವು ಹೊಟ್ಟೆ ತುಂಬಿಸುತ್ತದೆ, ನಿಜ. 2013ರ ಆಹಾರ ಭದ್ರತಾ ಕಾಯಿದೆ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯ ಕೊಡುತ್ತದೆ. 2020ರ ಜನವರಿ 26ರಂದು ಮಹಾರಾಷ್ಟ್ರ ಆರಂಭಿಸಿದ 10 ರೂಪಾಯಿಯ ಶಿವಭೋಜನ ಥಾಳಿಯಲ್ಲಿ ಪಲ್ಯಕ್ಕೆ ಗೊತ್ತುಮಾಡಿದ ಪಾಲು 100 ಗ್ರಾಂ. ಆದರೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕೊರತೆ ನೀಗುವ ಜಾಗ ವಾರದ ಸಂತೆ. ಮುಂಜಾನೆ ತೂಗಿ ಮಾರಿದ ಬದನೆ, ಟೊಮೆಟೊ ಹೊತ್ತಿಳಿದಂತೆ ತಕ್ಕಡಿ ಬಿಟ್ಟು ಗುಂಪಿಗೆ, ಅಂದರೆ ರಾಶಿಗೆ ಇಷ್ಟೆಂಬ ಮಾರಾಟಕ್ಕೆ, ಬರುತ್ತವೆ. ಸೊಪ್ಪಿನ ಕಟ್ಟು ಒಂದರ ಬೆಲೆಗೆ ಎರಡು. ಮಾಲು ಬಾಡಿರುತ್ತದೆ, ಕೊಳೆತಿರುವುದಿಲ್ಲ. ಕೂಲಿ ಕೈಸೇರುವ ಹೊತ್ತೂ ಅದೇ. ಐವತ್ತು ವರ್ಷ ಮೀರಿದ ಬೀದಿ ಮಾರುಕಟ್ಟೆಗಳನ್ನು ಪಾರಂಪರಿಕವೆಂದು ಘೋಷಿಸಿ ಇದ್ದಲ್ಲೇ ಉಳಿಸಬೇಕೆಂದು 2014ರ ಬೀದಿ ವ್ಯಾಪಾರಿಗಳ ಕಾಯಿದೆ ಹೇಳುತ್ತದೆ. ಸಂತೆಯನ್ನು ಊರಾಚೆಗೆ ಸಾಗಿಸುವ ಮಾತು ಬಂದಾಗ ಅದೇ ಕಾಯಿದೆಯಡಿಯ ಪಟ್ಟಣ ಮಾರಾಟ ಸಮಿತಿ ಈ ಕಲಮಿನ ಜೊತೆಗೆ ಗುಂಪಿ ಬೀಳುವ ಹೊತ್ತನ್ನೂ ದಾಖಲಿಸಬೇಕು. ಕೂಲಿಕಾರರ ಓಣಿಯಿಂದ ಆ ಹೊತ್ತಿಗೆ ನಡೆದು ತಲುಪಲಾಗದ ಜಾಗವನ್ನು ಒಪ್ಪಬಾರದು.